ಚಳಿಗಾಲದ ಕೊನೆಯಲ್ಲಿ ಕೈತೋಟ: ಯಾವ ಕೆಲಸ ಈಗ, ಯಾವುದಕ್ಕೆ ಕಾಯಬೇಕು

ಚಳಿ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಹಗಲು ಮಾತ್ರ ಉದ್ದವಾಗತೊಡಗಿರುತ್ತದೆ. ಎರಡು ದಿನ ಒಳ್ಳೆಯ ಬಿಸಿಲು ಬಿದ್ದರೆ ಸಾಕು, ಗುದ್ದಲಿ ಹಿಡಿದು ಮಡಿಗೆ ಇಳಿಯೋಣ ಅನ್ನಿಸುತ್ತದೆ. ವಸಂತದ ಬಿತ್ತನೆಗೆ ಒಂದೆರಡು ತಿಂಗಳು ಉಳಿದಿರುವ ಈ ಹೊತ್ತಿನಲ್ಲೇ ತೋಟದ ಆ ವರ್ಷದ ದೊಡ್ಡ ತೀರ್ಮಾನಗಳು ಆಗಿಬಿಡುತ್ತವೆ. ಸಸಿಯನ್ನು ಮನೆಯೊಳಗೆ ಎಬ್ಬಿಸಬೇಕೋ, ಬೀಜ ನೇರ ಮಡಿಗೆ ಹಾಕಬೇಕೋ? ಮಣ್ಣು ಅಗೆಯಬೇಕೋ, ಹಾಗೇ ಬಿಡಬೇಕೋ? ಗಿಡ ಈಗ ಸವರಬೇಕೋ, ಹೂ ಮುಗಿದ ಮೇಲೋ?

ಇಂಥ ಪ್ರತಿಯೊಂದು ಆಯ್ಕೆಯ ಮುಂದೆಯೂ ನಾನು ಎರಡು ಪ್ರಶ್ನೆ ಇಡುತ್ತೇನೆ. ಈ ಕೆಲಸ ಈಗ ತಪ್ಪಿದರೆ ಈ ವರ್ಷ ಇನ್ನೊಂದು ಅವಕಾಶ ಇದೆಯೇ? ಅವಸರದಲ್ಲಿ ಮಾಡಿ ಕೆಟ್ಟರೆ ಅದು ಸರಿಹೋಗಲು ಎಷ್ಟು ಕಾಲ ಹಿಡಿಯುತ್ತದೆ? ಈರುಳ್ಳಿ ಬೀಜ ಹಾಕುವುದು ತಡವಾದರೆ ಗಡ್ಡೆ ದಪ್ಪವಾಗಲು ಆ ವರ್ಷ ಮತ್ತೆ ಸಮಯ ಸಿಗುವುದಿಲ್ಲ. ಹಾಗಾಗಿ ಅದು ಈಗಿನ ಕೆಲಸ. ಒದ್ದೆ ಜೇಡಿಮಣ್ಣನ್ನು ತುಳಿದು ಅಗೆದರೆ ಹೆಂಟೆಗಟ್ಟಿದ ಆ ಮಣ್ಣು ಮತ್ತೆ ಸಡಿಲವಾಗಲು ಒಂದಕ್ಕಿಂತ ಹೆಚ್ಚು ಹಂಗಾಮು ಬೇಕಾಗಬಹುದು. ಅಲ್ಲಿ ಕಾಯುವುದೇ ಸರಿ.

ತಾರೀಖು ನೋಡಬೇಕೋ, ಮಣ್ಣು ನೋಡಬೇಕೋ

ಎರಡೂ ಬೇಕು, ಆದರೆ ಬೇರೆ ಬೇರೆ ಕೆಲಸಕ್ಕೆ. ನಿಮ್ಮ ಕಡೆ ಕೊನೆಯ ಹಿಮ ಬೀಳುವ (ಅಂದರೆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿಯಾಗುವ) ಸರಾಸರಿ ದಿನ ಗೊತ್ತಿದ್ದರೆ, ಅಲ್ಲಿಂದ ಹಿಂದಕ್ಕೆ ವಾರ ಎಣಿಸಿ ಒಳಗೆ ಬೀಜ ಹಾಕುವ ದಿನ ಗೊತ್ತುಮಾಡಿಕೊಳ್ಳಬಹುದು. ಆದರೆ ಅದು ಸರಾಸರಿ ಮಾತ್ರ, ಆ ದಿನ ಕಳೆದ ಮೇಲೂ ಹಿಮ ಬೀಳುವ ವರ್ಷಗಳಿರುತ್ತವೆ. ಹೊರಗೆ ಬಿತ್ತುವುದಕ್ಕೆ ಮಣ್ಣಿನ ಉಷ್ಣಾಂಶವನ್ನೇ ನಂಬಬೇಕು. ಥರ್ಮಾಮೀಟರನ್ನು ಐದರಿಂದ ಹತ್ತು ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಬೆಳಗಿನ ಹೊತ್ತು, ನಾಲ್ಕೈದು ದಿನ ಸತತ ನೋಡಿ. ಒಂದು ದಿನದ ಮಧ್ಯಾಹ್ನದ ಅಂಕಿಗೆ ಬೆಲೆಯಿಲ್ಲ.

ಬಟಾಣಿಯನ್ನೇ ನೋಡಿ. ಚಳಿ ತಡೆಯುವ ಬೆಳೆ ಎಂದು ಅದನ್ನು ಎಲ್ಲರಿಗಿಂತ ಮೊದಲು ಬಿತ್ತುವುದುಂಟು. ಮಣ್ಣು 5 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದು ಮೊಳೆಯಲು ಒಂದು ತಿಂಗಳಿಗಿಂತ ಹೆಚ್ಚು ಹಿಡಿಯುತ್ತದೆ. 10 ಡಿಗ್ರಿಯಲ್ಲಿ ಎರಡೇ ವಾರ ಸಾಕು. ಅಂದರೆ ಎರಡು ವಾರ ಕಾದು ಬಿತ್ತಿದವರ ಬಟಾಣಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೇಲೆ ಬರುತ್ತದೆ, ಅದೂ ಕೊಳೆಯದೆ, ಇಲಿ ಹಕ್ಕಿಗಳ ಪಾಲಾಗದೆ. ಪಾಲಕ್, ಲೆಟ್ಯೂಸ್ ಕೂಡ ತಣ್ಣನೆಯ ಮಣ್ಣಿನಲ್ಲಿ ಮೊಳೆಯುತ್ತವೆ. ಹುರುಳಿಕಾಯಿ ಮತ್ತು ಸೌತೆಗೆ ಕಡಿಮೆಯೆಂದರೂ ಸುಮಾರು 16 ಡಿಗ್ರಿ ಬೇಕು, ಅದಕ್ಕಿಂತ ತಂಪಾದ ಒದ್ದೆ ಮಣ್ಣಿನಲ್ಲಿ ಬೀಜ ಉಬ್ಬಿ ಕೊಳೆಯುವುದೇ ಹೆಚ್ಚು.

ಹಿಮವೇ ಬೀಳದ ಕಡೆ ಇರುವವರು ಲೆಕ್ಕವನ್ನು ತಿರುಗಿಸಿ ಹಾಕಬೇಕು. ಅಲ್ಲಿ ಹೆದರಬೇಕಾದ್ದು ಚಳಿಗಲ್ಲ, ಮುಂದೆ ಬರುವ ಸೆಕೆಗೆ. ಹಗಲು 35 ಡಿಗ್ರಿಯ ಹತ್ತಿರ ಹೋಗಿ ರಾತ್ರಿಯೂ 24ಕ್ಕಿಂತ ಕೆಳಗಿಳಿಯದಿದ್ದರೆ ಟೊಮೆಟೊ ಹೂ ಕಾಯಿ ಕಚ್ಚದೆ ಉದುರುತ್ತದೆ. ಆ ಬಿಸಿ ಶುರುವಾಗುವ ವಾರದಿಂದ ಹಿಂದಕ್ಕೆ ಎಣಿಸಿದರೆ, ಸಸಿ ಎಬ್ಬಿಸುವ ಕಾಲ ಚಳಿಗಾಲದ ಮಧ್ಯಕ್ಕೇ ಬಂದು ನಿಲ್ಲುತ್ತದೆ.

ಒಳಗೆ ಎಬ್ಬಿಸಿದ ಸಸಿ, ನೇರ ಬಿತ್ತನೆ, ಕೊಂಡು ತಂದ ಸಸಿ

ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ, ಬೆಳೆಬೆಳೆಗೂ ಕೇಳಬೇಕು. ಕೆಲವು ಬೆಳೆಗಳು ನಮಗೆ ಆಯ್ಕೆಯನ್ನೇ ಬಿಡುವುದಿಲ್ಲ. ಕ್ಯಾರೆಟ್, ಮೂಲಂಗಿಯ ತಾಯಿಬೇರು ಎಳೆಯದರಲ್ಲಿ ಒಮ್ಮೆ ಮುರಿದರೆ ಅಥವಾ ಮಡಚಿದರೆ ಗೆಡ್ಡೆ ಕವಲೊಡೆಯುತ್ತದೆ. ಅವು ನೇರ ಮಡಿಗೇ ಹೋಗಬೇಕು. ಬಟಾಣಿ, ಹುರುಳಿಕಾಯಿ ಬೇಗ ಮೊಳೆತು ಬೇಗ ಬೆಳೆಯುವುದರಿಂದ ಒಳಗೆ ಎಬ್ಬಿಸುವ ಶ್ರಮಕ್ಕೆ ತಕ್ಕ ಫಲವಿಲ್ಲ. ಬೀಟ್‌ರೂಟ್ ನಾಟಿ ತಡೆದುಕೊಳ್ಳುತ್ತದೆ, ಆದರೂ ಜಾಗ ಇದ್ದರೆ ನೇರ ಬಿತ್ತನೆಯೇ ಸಲೀಸು.

ಇನ್ನೊಂದು ತುದಿಯಲ್ಲಿ ದೀರ್ಘಕಾಲದ ಬೆಳೆಗಳಿವೆ. ಬೀಜದಿಂದ ಈರುಳ್ಳಿ ಬೆಳೆಯುವುದಾದರೆ ಕೊನೆಯ ಹಿಮಕ್ಕೆ 10ರಿಂದ 12 ವಾರ ಮೊದಲೇ ಒಳಗೆ ಬಿತ್ತಬೇಕು. ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ, ಬದನೆಗೆ 8ರಿಂದ 10 ವಾರ, ಟೊಮೆಟೊಗೆ 6ರಿಂದ 8, ಎಲೆಕೋಸು ಹೂಕೋಸಿಗೆ 4ರಿಂದ 6 ವಾರ. ಸೌತೆ, ಕುಂಬಳದಂಥ ಬಳ್ಳಿಗಳಿಗೆ ಮೂರ್ನಾಲ್ಕು ವಾರ ಸಾಕು. ಹೆಚ್ಚು ದಿನ ಕುಂಡದಲ್ಲಿ ಕೂತ ಕುಂಬಳದ ಸಸಿ ಬೇರು ಸುತ್ತಿಕೊಂಡು ಮಂಕಾಗುತ್ತದೆ, ಆಮೇಲೆ ನೇರ ಬಿತ್ತಿದ ಗಿಡವೇ ಅದನ್ನು ಹಿಂದೆ ಹಾಕುತ್ತದೆ.

ಒಳಗೆ ಸಸಿ ಎಬ್ಬಿಸುವುದರಲ್ಲಿ ಜನ ಎಡವುವುದು ಬೀಜದಲ್ಲೂ ಅಲ್ಲ, ನೀರಿನಲ್ಲೂ ಅಲ್ಲ, ಬೆಳಕಿನಲ್ಲಿ. ಚಳಿಗಾಲದ ಕಿಟಕಿಯ ಬೆಳಕು ನಮ್ಮ ಕಣ್ಣಿಗೆ ಸಾಕೆನಿಸುತ್ತದೆ, ಸಸಿಗೆ ಸಾಲದು. ಅದು ಬೆಳಕು ಹುಡುಕುತ್ತಾ ಸಣಕಲಾಗಿ ಉದ್ದಕ್ಕೆ ಎಳೆದುಕೊಂಡು, ಕೊನೆಗೆ ಬಾಗಿ ಬೀಳುತ್ತದೆ. ದಿನಕ್ಕೆ 14ರಿಂದ 16 ಗಂಟೆ, ಸಸಿಯ ನೆತ್ತಿಗೆ ಹತ್ತಿರವಾಗಿ ತೂಗಿಬಿಟ್ಟ ಎಲ್‌ಇಡಿ ಅಥವಾ ಟ್ಯೂಬ್‌ಲೈಟ್ ಕೊಡಬಲ್ಲಿರಾದರೆ ಮಾತ್ರ ಮೆಣಸಿನಕಾಯಿ, ಬದನೆಯನ್ನು ಒಳಗೆ ಎಬ್ಬಿಸಿ. ಕಿಟಕಿಯೊಂದೇ ಇದ್ದರೆ ಕೋಸು, ಲೆಟ್ಯೂಸ್ ಇಷ್ಟಕ್ಕೆ ತೃಪ್ತಿಪಟ್ಟುಕೊಂಡು ಉಳಿದವನ್ನು ಕೊಂಡು ತರುವುದೇ ಮೇಲು. ಕೋಸಿನ ಕಾಲ ಕಡಿಮೆ, ಅದನ್ನು ಬಿತ್ತುವ ಹೊತ್ತಿಗೆ ಹಗಲೂ ಉದ್ದವಾಗಿರುತ್ತದೆ.

ಕೊಂಡು ತರುವ ಸಸಿಯ ಲಾಭ ಸಮಯ, ನಷ್ಟ ತಳಿ. ಬೀಜದಲ್ಲಿ ಸಿಗುವಷ್ಟು ಬಗೆಗಳು ಸಸಿಯಲ್ಲಿ ಎಂದೂ ಸಿಗುವುದಿಲ್ಲ. ಆರಿಸುವಾಗ ಎತ್ತರದ ಗಿಡಕ್ಕೆ ಮರುಳಾಗಬೇಡಿ. ಕುಳ್ಳಗೆ, ದಪ್ಪ ಕಾಂಡದ, ಇನ್ನೂ ಹೂ ಬಿಡದ ಸಸಿ ಮಣ್ಣಿಗೆ ಹೋದ ಮೇಲೆ ಬೇಗ ಬೇರೂರುತ್ತದೆ. ಸಾಧ್ಯವಾದರೆ ಮೆಲ್ಲನೆ ಕುಂಡದಿಂದ ಎಬ್ಬಿಸಿ ಬೇರು ನೋಡಿ: ಬೆಳ್ಳಗಿದ್ದರೆ ಸರಿ, ಕಂದಾಗಿ ತಳದಲ್ಲಿ ಸುತ್ತುಹಾಕಿದ್ದರೆ ಬೇಡ. ಎಲೆಯ ಹಿಂಬದಿಯನ್ನು ತಿರುಗಿಸಿ ನೋಡದೆ ಸಸಿ ಮನೆಗೆ ತರಬೇಡಿ. ಗಿಡಹೇನು, ಬಿಳಿನೊಣ ತೋಟಕ್ಕೆ ಬರುವ ದಾರಿಗಳಲ್ಲಿ ಅದೂ ಒಂದು.

ಸಸಿ ಎಬ್ಬಿಸಲು ಪ್ರೋಟ್ರೇ (ಒಂದೊಂದು ಸಸಿಗೂ ಬೇರೆ ಗುಳಿಯಿರುವ ತಟ್ಟೆ) ಒಳ್ಳೆಯದೋ, ತೆರೆದ ತಟ್ಟೆಯೋ ಎಂಬ ಚರ್ಚೆಯನ್ನು ಬೇಗ ಮುಗಿಸಬಹುದು. ಈರುಳ್ಳಿಗೆ ತೆರೆದ ತಟ್ಟೆ ಸಾಕು, ಬೇರು ಬಿಡಿಸಿ ನೆಟ್ಟರೂ ಅದು ಬದುಕುತ್ತದೆ. ಬಳ್ಳಿಗಳಿಗೆ ಬೇರು ಅಲುಗದಂತೆ ಒಂದೊಂದಕ್ಕೂ ಬೇರೆ ಕುಂಡ ಬೇಕು. ಉಳಿದವಕ್ಕೆ ಪ್ರೋಟ್ರೇ. ಇದಕ್ಕಿಂತ ಮುಖ್ಯವಾದದ್ದು ಒಳಗೆ ತುಂಬುವ ವಸ್ತು. ಮಡಿಯ ಮಣ್ಣನ್ನೇ ತುಂಬಿದರೆ ಅದು ಗಟ್ಟಿಯಾಗುತ್ತದೆ, ಜೊತೆಗೆ ಸಸಿಯ ಬುಡ ಕೊಳೆಸುವ ಪಿಥಿಯಮ್, ರೈಜೊಕ್ಟೋನಿಯಾದಂಥ ರೋಗಕಾರಕಗಳೂ ಬರುತ್ತವೆ. ತೆಂಗಿನ ನಾರಿನ ಪುಡಿಯಂಥ ಹಗುರ ಮಿಶ್ರಣ ಬಳಸಿ, ನೀರನ್ನು ತಳದ ತಟ್ಟೆಗೆ ಹಾಕಿ ಕೆಳಗಿನಿಂದ ಹೀರಲು ಬಿಡಿ, ಒಂದಿಷ್ಟು ಗಾಳಿ ಆಡಲಿ. ಹಳೆಯ ಟ್ರೇಗಳನ್ನು ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿದ ದ್ರಾವಣದಲ್ಲಿ ನೆನೆಸಿ ತೊಳೆಯಿರಿ. ಬುಡ ಕೊಳೆತು ಮಗುಚಿದ ಸಸಿಯನ್ನು ಉಳಿಸುವ ಮದ್ದಿಲ್ಲ, ಆದ್ದರಿಂದ ಎಲ್ಲ ಎಚ್ಚರವೂ ಮೊದಲೇ ಇರಬೇಕು.

ಕಳೆದ ವರ್ಷದ ಬೀಜ ಉಳಿದಿದ್ದರೆ ಎಸೆಯುವ ಮೊದಲು, ಹೊಸದು ಕೊಳ್ಳುವ ಮೊದಲು, ಹತ್ತು ಬೀಜ ಒದ್ದೆ ಕಾಗದದಲ್ಲಿ ಸುತ್ತಿ ಬೆಚ್ಚಗಿಡಿ. ಎಂಟಕ್ಕಿಂತ ಹೆಚ್ಚು ಮೊಳೆತರೆ ಎಂದಿನಂತೆ ಬಿತ್ತಿ. ಐದರಿಂದ ಎಂಟು ಮೊಳೆತರೆ ದಟ್ಟವಾಗಿ ಬಿತ್ತಿ. ಅದಕ್ಕಿಂತ ಕಡಿಮೆಯಾದರೆ ಹೊಸ ಬೀಜ ತನ್ನಿ. ಈರುಳ್ಳಿ ಬೀಜದ ಜೀವ ಒಂದೆರಡು ವರ್ಷಕ್ಕೇ ಮುಗಿಯುತ್ತದೆ. ಟೊಮೆಟೊ, ಸೌತೆಯ ಬೀಜ ತಂಪಾದ ಒಣ ಜಾಗದಲ್ಲಿದ್ದರೆ ನಾಲ್ಕೈದು ವರ್ಷ ಚೆನ್ನಾಗಿಯೇ ಇರುತ್ತದೆ.

ಮನೆಯದಾಗಲಿ, ಕೊಂಡದ್ದಾಗಲಿ, ಒಳಗೆ ಬೆಳೆದ ಸಸಿಯನ್ನು ಒಂದೇ ದಿನಕ್ಕೆ ಹೊರಗೆ ನೆಡಬೇಡಿ. ವಾರ, ಹತ್ತು ದಿನ ಕಾಲ ದಿನಕ್ಕಿಷ್ಟು ಹೊತ್ತು ನೆರಳಿನಲ್ಲಿ, ಆಮೇಲೆ ಎಳೆ ಬಿಸಿಲಿನಲ್ಲಿ ಇಟ್ಟು ಪಳಗಿಸಿ. ಎರಡು ತಿಂಗಳು ಸಾಕಿದ ಸಸಿ ಒಂದು ಮಧ್ಯಾಹ್ನದ ಬಿಸಿಲಿಗೆ ಬೆಳ್ಳಗೆ ಸುಟ್ಟುಹೋಗುವುದನ್ನು ನೋಡುವುದು ನಿಜಕ್ಕೂ ಸಂಕಟದ ವಿಷಯ.

ಅಗೆಯುವುದೋ, ಅಗೆಯದೆ ಬಿಡುವುದೋ

ಯಾವ ದಾರಿ ಹಿಡಿದರೂ ಮೊದಲು ಮಣ್ಣು ಹದಕ್ಕೆ ಬಂದಿದೆಯೇ ನೋಡಬೇಕು. ಹತ್ತು ಸೆಂಟಿಮೀಟರ್ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ, ಬೆರಳಿನಿಂದ ತಿವಿಯಿರಿ. ಪುಡಿಯಾಗಿ ಉದುರಿದರೆ ಕೆಲಸ ಮಾಡಬಹುದು. ಉಂಡೆ ಹಾಗೇ ನಿಂತು ಬೆರಳಿನ ಗುರುತು ಮಾತ್ರ ಬಿದ್ದರೆ ಇನ್ನೂ ಕೆಲವು ದಿನ ಮಡಿಯ ಮೇಲೆ ಕಾಲೂ ಇಡಬೇಡಿ. ಮರಳು ಮಣ್ಣು ಬೇಗ ಹದಕ್ಕೆ ಬರುತ್ತದೆ, ಜೇಡಿಮಣ್ಣು ವಾರಗಟ್ಟಲೆ ಕಾಯಿಸುತ್ತದೆ.

ಅಗೆಯುವುದರಿಂದ ಲಾಭ ಇಲ್ಲವೇ? ಇದೆ. ಎಂದೂ ಬೆಳೆ ಕಾಣದ ಗಟ್ಟಿ ನೆಲ, ಕಲ್ಲು ಇಟ್ಟಿಗೆ ಚೂರು ತುಂಬಿದ ಜಾಗ, ಗರಿಕೆಯಂತೆ ನೆಲದಡಿಯಲ್ಲಿ ಹಬ್ಬುವ ಕಳೆ ಇರುವ ಕಡೆ, ಅಥವಾ ಸುಣ್ಣವನ್ನು ಆಳಕ್ಕೆ ಬೆರೆಸಬೇಕಾದಾಗ ಒಮ್ಮೆ ಅಗೆಯುವುದು ಸರಿ. ಆದರೆ ಪ್ರತಿ ವರ್ಷ ಮಗುಚಿ ಅಗೆಯುವ ರೂಢಿಗೆ ಬೆಲೆ ತೆರಬೇಕಾಗುತ್ತದೆ. ಕತ್ತಲಲ್ಲಿ ಮಲಗಿದ್ದ ಕಳೆಬೀಜಗಳು ಬೆಳಕು ಕಂಡು ಮೊಳೆಯುತ್ತವೆ. ಎರೆಹುಳುವಿನ ಬಿಲಗಳು, ಬೇರುಗಳ ಜೊತೆ ಬಾಳುವ ಶಿಲೀಂಧ್ರದ ಎಳೆಗಳು ಕಡಿದುಹೋಗುತ್ತವೆ. ನೀರು ಇಂಗುವ ದಾರಿಗಳೇ ಆ ಬಿಲಗಳು.

ಅಗೆಯದ ವಿಧಾನದಲ್ಲಿ ಮಡಿಯ ಮೇಲೆ ಸುಮಾರು ಐದು ಸೆಂಟಿಮೀಟರ್ ಕಳಿತ ಕಾಂಪೋಸ್ಟ್ ಹರಡಿ ಬಿಡುತ್ತೇವೆ, ಕೆಳಕ್ಕೆ ಒಯ್ಯುವ ಕೆಲಸ ಎರೆಹುಳುವಿನದು. ಕಳೆ ತುಂಬಿದ ಜಾಗವಾದರೆ ಟೇಪು, ಪ್ಲಾಸ್ಟಿಕ್ ಕಿತ್ತ ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಅಂಚು ಬರುವಂತೆ ಹಾಸಿ, ನೀರು ಕುಡಿಸಿ, ಮೇಲೆ ಇನ್ನೂ ದಪ್ಪ ಕಾಂಪೋಸ್ಟ್ ಹಾಕಬೇಕು. ಇಲ್ಲಿನ ತೊಡಕು ಗೊಬ್ಬರದ ಪ್ರಮಾಣ. 1.2 ಮೀಟರ್ ಅಗಲ, 3 ಮೀಟರ್ ಉದ್ದದ ಒಂದೇ ಮಡಿಗೆ ಐದು ಸೆಂಟಿಮೀಟರ್ ದಪ್ಪ ಹರಡಲು 180 ಲೀಟರ್ ಬೇಕು. ಅಷ್ಟು ಇಲ್ಲದಿದ್ದರೆ ಎಲ್ಲ ಮಡಿಗೂ ತೆಳ್ಳಗೆ ಚೆಲ್ಲುವ ಬದಲು ಎರಡು ಮಡಿಗೆ ಸರಿಯಾಗಿ ಹಾಕಿ. ಮಳೆ ಹೆಚ್ಚಿರುವ ಕಡೆ ರಟ್ಟಿನಡಿ ಬಸವನಹುಳು, ಗೊಂಡೆಹುಳು ಸೇರಿಕೊಳ್ಳುತ್ತವೆ ಎಂಬುದೂ ನೆನಪಿರಲಿ.

ನನ್ನ ಒಲವು ಸ್ಪಷ್ಟ. ಈಗಾಗಲೇ ಬೆಳೆಯುತ್ತಿರುವ ಮಡಿಯನ್ನು ಅಗೆಯಬೇಡಿ. ಹೊಸ ಗಟ್ಟಿ ನೆಲವನ್ನು ಮುಳ್ಳುಗುದ್ದಲಿ ಚುಚ್ಚಿ ಅಲುಗಿಸಿ, ಮಗುಚದೆ, ಒಮ್ಮೆ ಸಡಿಲಗೊಳಿಸಿ, ಆಮೇಲೆ ಅದನ್ನೂ ಅಗೆಯದ ಮಡಿಯಾಗಿಸಿ.

ಎತ್ತರಿಸಿದ ಮಡಿಯ ಬಗ್ಗೆಯೂ ಇಲ್ಲೇ ಒಂದು ಮಾತು. ಅದು ನೀರು ಬಸಿದು ವಸಂತದಲ್ಲಿ ಬೇಗ ಬೆಚ್ಚಗಾಗುತ್ತದೆ, ಬೇಸಿಗೆಯಲ್ಲಿ ಅಷ್ಟೇ ಬೇಗ ಒಣಗುತ್ತದೆ. ನೀರು ನಿಲ್ಲುವ ಜೇಡಿ ನೆಲಕ್ಕೆ ಅದು ವರ. ಮರಳು ಮಣ್ಣಿನಲ್ಲಿ, ನೀರಿನ ಕೊರತೆ ಇರುವ ಕಡೆ ನೆಲಮಟ್ಟದ ಪಾತಿಯೇ ಲೇಸು.

ಯಾವ ಗೊಬ್ಬರ, ಎಷ್ಟು ಮುಂಚೆ

ಪೂರ್ತಿ ಕಳಿತ ಕಾಂಪೋಸ್ಟ್, ಎರೆಗೊಬ್ಬರ ಇವೆರಡನ್ನು ಯಾವಾಗ ಹಾಕಿದರೂ ಹಾನಿಯಿಲ್ಲ. ಎರೆಗೊಬ್ಬರ ಸಾಮಾನ್ಯವಾಗಿ ಕೊಂಚವೇ ಸಿಗುವುದರಿಂದ ಮಡಿಗೆ ಹರಡಿ ಮುಗಿಸಬೇಡಿ, ನಾಟಿ ಗುಣಿಗೆ ಒಂದೊಂದು ಹಿಡಿ ಇಡಿ.

ಕೊಟ್ಟಿಗೆ ಗೊಬ್ಬರದಲ್ಲಿ ಹಸಿಯದು, ಕಳಿತದ್ದು ಎಂಬ ವ್ಯತ್ಯಾಸ ಬಹಳ ದೊಡ್ಡದು. ಹಸಿ ಸಗಣಿಯಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳಿರಬಹುದು, ಎಳೆ ಬೇರನ್ನೂ ಅದು ಸುಡುತ್ತದೆ. ಅಮೆರಿಕದ ಸಾವಯವ ಕೃಷಿ ನಿಯಮದ ಪ್ರಕಾರ, ಮಣ್ಣಿಗೆ ತಾಗುವ ತರಕಾರಿಗಳಾದರೆ ಹಸಿ ಗೊಬ್ಬರ ಬೆರೆಸಿ ಕೊಯ್ಲಿಗೆ ಕಡಿಮೆಯೆಂದರೆ 120 ದಿನ, ಮಣ್ಣಿಗೆ ತಾಗದವಕ್ಕೆ 90 ದಿನ ಅಂತರವಿರಬೇಕು. ಈ ಲೆಕ್ಕ ಹಾಕಿ ನೋಡಿದರೆ, ಈಗ ಹಸಿ ಗೊಬ್ಬರ ಹಾಕಿದ ಮಡಿಯಲ್ಲಿ ವಸಂತದ ಮೂಲಂಗಿ, ಲೆಟ್ಯೂಸ್ ಬೆಳೆಯುವಂತಿಲ್ಲ. ಸಿಕ್ಕ ಹಸಿ ಗೊಬ್ಬರವನ್ನು ಕಾಂಪೋಸ್ಟ್ ರಾಶಿಗೆ ಹಾಕುವುದೇ ಸರಿ.

ಹೊರಗಿನಿಂದ ತಂದ ಗೊಬ್ಬರದಲ್ಲಿ ಇನ್ನೊಂದು ಅಪಾಯವಿದೆ, ಇದು ಹೆಚ್ಚು ಜನರಿಗೆ ತಿಳಿದಿರಬೇಕು. ಅಮಿನೊಪೈರಾಲಿಡ್ ಎಂಬ ಕಳೆನಾಶಕ ಸಿಂಪಡಿಸಿದ ಹುಲ್ಲನ್ನು ಮೇಯುವ ದನ, ಕುದುರೆಗಳ ಹೊಟ್ಟೆ ದಾಟಿಯೂ ಅದು ಸಗಣಿ, ಲದ್ದಿಯಲ್ಲಿ ಉಳಿಯುತ್ತದೆ. ಆ ಗೊಬ್ಬರ ಬಿದ್ದ ಮಡಿಯಲ್ಲಿ ಟೊಮೆಟೊ, ಹುರುಳಿಕಾಯಿಯ ಎಲೆಗಳು ಮುರುಟಿಕೊಂಡು ಬೆಳೆ ಕೆಡುತ್ತದೆ. ಪರೀಕ್ಷೆ ಸುಲಭ: ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಮೂರ್ನಾಲ್ಕು ಹುರುಳಿಕಾಯಿ ಬೀಜ, ಪಕ್ಕದಲ್ಲಿ ಬೆರೆಸದ ಮಣ್ಣಿನಲ್ಲಿ ಅಷ್ಟೇ ಬೀಜ ಹಾಕಿ, ಎಲೆ ಮೂಡುವವರೆಗೆ ಹೋಲಿಸಿ. ಇದಕ್ಕೆ ಬೇಕಾದ ಮೂರು ನಾಲ್ಕು ವಾರ ಈಗ ನಿಮ್ಮ ಕೈಯಲ್ಲಿವೆ, ನಾಟಿಯ ಹೊತ್ತಿಗೆ ಇರುವುದಿಲ್ಲ.

ರಾಸಾಯನಿಕ ಗೊಬ್ಬರ ಬಳಸುವವರೂ ಈಗ ಸಾರಜನಕ ಹಾಕಬಾರದು. ಹೀರಲು ಬೇರೇ ಇಲ್ಲದ ಮಡಿಯಿಂದ ನೈಟ್ರೇಟ್ ಮಳೆನೀರಿನ ಜೊತೆ ಕೆಳಗಿಳಿದು ಹೋಗುತ್ತದೆ. ವಸಂತದ ಆರಂಭದಲ್ಲಿ ಟೊಮೆಟೊ ಸಸಿಯ ಎಲೆ ನೇರಳೆಗೆ ತಿರುಗಿದರೆ ಗಾಬರಿಯಾಗಿ ಗೊಬ್ಬರ ಸುರಿಯಬೇಡಿ. ತಣ್ಣನೆಯ ಮಣ್ಣಿನಲ್ಲಿ ಬೇರಿಗೆ ರಂಜಕ ಸರಿಯಾಗಿ ಎಟಕುವುದಿಲ್ಲ, ಬಹುಪಾಲು ಸಲ ಮಣ್ಣು ಬೆಚ್ಚಗಾದಂತೆ ಅದು ತಾನೇ ಸರಿಹೋಗುತ್ತದೆ.

ಮಣ್ಣು ಪರೀಕ್ಷೆಗೆ ಇದು ಒಳ್ಳೆಯ ಕಾಲ. ಹೆಚ್ಚಿನ ತರಕಾರಿಗಳಿಗೆ ರಸಸಾರ (ಮಣ್ಣಿನ ಹುಳಿಯನ್ನು ತೋರಿಸುವ ಪಿಎಚ್ ಅಳತೆ) 6ರಿಂದ 7ರ ನಡುವೆ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಸುಣ್ಣ ಬೇಕು. ಸುಣ್ಣ ಕೆಲಸ ಮಾಡಲು ತಿಂಗಳುಗಳೇ ಹಿಡಿಯುವುದರಿಂದ ಅದನ್ನು ಈಗಲೇ ಹಾಕಬೇಕು, ಆದರೆ ಹಸಿ ಗೊಬ್ಬರದ ಜೊತೆಗಲ್ಲ. ಎರಡೂ ಸೇರಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ.

ಮಡಿಗೆ ಯಾವ ಹೊದಿಕೆ

ಚಳಿಗಾಲದಲ್ಲಿ ಮಣ್ಣು ಕಾಯ್ದ ಒಣಹುಲ್ಲು, ತರಗೆಲೆಯ ಹೊದಿಕೆ ಈಗ ಬಿಸಿಲನ್ನೂ ತಡೆಯುತ್ತದೆ. ಬೇಗ ಬಿತ್ತಬೇಕಾದ ಮಡಿಯಿಂದ ಅದನ್ನು ಬದಿಗೆ ಸರಿಸಿ, ಸಸಿ ಎದ್ದ ಮೇಲೆ ಮರಳಿ ಹರಡಿ. ತಡವಾಗಿ ನೆಡುವ ಮಡಿಯಲ್ಲಿ ಅದು ಹಾಗೇ ಇರಲಿ.

ಮಣ್ಣನ್ನು ಇನ್ನೂ ಬೇಗ ಬೆಚ್ಚಗಾಗಿಸಬೇಕಾದರೆ ಪ್ಲಾಸ್ಟಿಕ್ ಹಾಳೆ ಇದೆ. ಪಾರದರ್ಶಕ ಹಾಳೆ ಕಪ್ಪು ಹಾಳೆಗಿಂತ ಹೆಚ್ಚು ಬೆಚ್ಚಗಾಗಿಸುತ್ತದೆ, ಬೆಳಕು ಒಳಗೆ ಹೋಗುವುದರಿಂದ ಕಳೆಯನ್ನೂ ಬೆಳೆಸುತ್ತದೆ. ಇದನ್ನೇ ಅನುಕೂಲ ಮಾಡಿಕೊಳ್ಳಬಹುದು: ಎರಡು ಮೂರು ವಾರ ಮೊದಲು ಪಾರದರ್ಶಕ ಹಾಳೆ ಹಾಸಿ, ಎದ್ದ ಕಳೆಯನ್ನು ಮೇಲ್ಮೇಲೆ ಹೆರೆದು ತೆಗೆದು, ಆಮೇಲೆ ಕ್ಯಾರೆಟ್ ಬಿತ್ತಿ. ಕ್ಯಾರೆಟ್ ಮೊಳೆಯುವುದು ನಿಧಾನ, ಕಳೆಯೊಂದಿಗೆ ಪೈಪೋಟಿ ಮಾಡಲಾರದು. ಹೀಗೆ ಮಾಡುವಷ್ಟು ಬಿಡುವಿಲ್ಲದವರಿಗೆ, ಟೊಮೆಟೊ, ಬದನೆ ನೆಡುವವರಿಗೆ ಕಪ್ಪು ಹಾಳೆ ಸಾಕು.

ಸವರುವುದು ಈಗಲೋ, ಹೂ ಮುಗಿದ ಮೇಲೋ

ಗಿಡ ಯಾವ ರೆಂಬೆಯಲ್ಲಿ ಹೂ ಬಿಡುತ್ತದೆ ಎಂಬುದೇ ಇಲ್ಲಿನ ತೀರ್ಮಾನ. ಲೈಲಾಕ್, ಫೋರ್ಸೈಥಿಯಾದಂಥ ವಸಂತದಲ್ಲಿ ಅರಳುವ ಪೊದೆಗಳ ಮೊಗ್ಗು ಕಳೆದ ಬೇಸಿಗೆಯಲ್ಲೇ ಕಟ್ಟಿರುತ್ತದೆ. ಈಗ ಸವರಿದರೆ ಈ ವರ್ಷದ ಹೂವನ್ನೇ ಕತ್ತರಿಸಿ ಹಾಕಿದಂತೆ. ಅವನ್ನು ಹೂ ಮುಗಿದ ಕೂಡಲೇ ಸವರಿ. ಈ ವರ್ಷದ ಹೊಸ ಚಿಗುರಿನಲ್ಲಿ ಹೂ ಬಿಡುವ ಬಡ್ಲಿಯಾ, ಮತ್ತೆ ಮತ್ತೆ ಹೂ ಬಿಡುವ ಗುಲಾಬಿಗಳನ್ನು ಮೊಗ್ಗು ಉಬ್ಬುವ ಈ ಹೊತ್ತಿನಲ್ಲೇ ಸವರಬೇಕು.

ಹಣ್ಣಿನ ಮರಗಳಲ್ಲಿ ಸೇಬು, ಪೇರ್ ಎಲೆ ಇಲ್ಲದ ಈ ಕಾಲಕ್ಕೆ ಸೇರಿದವು, ಕೊಂಬೆಗಳ ಆಕಾರ ಚೆನ್ನಾಗಿ ಕಾಣುತ್ತದೆ. ಚೆರ್ರಿ, ಪ್ಲಮ್ ಹಾಗಲ್ಲ. ಒದ್ದೆ ಚಳಿಗಾಲದ ಗಾಯದ ಮೂಲಕ ಬೆಳ್ಳಿ ಎಲೆ ರೋಗದ ಶಿಲೀಂಧ್ರ ಒಳಹೊಗುತ್ತದೆ, ಅವನ್ನು ಬೇಸಿಗೆಯ ಒಣ ದಿನಗಳಿಗೆ ಬಿಡಿ.

ಕೊಯ್ದ ಜಾಗಕ್ಕೆ ಬಣ್ಣ, ಡಾಂಬರು ಬಳಿಯಬೇಕೇ? ಬೇಡ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದ್ದು ಇದನ್ನೇ. ಮರ ಗಾಯವನ್ನು ನಮ್ಮ ಚರ್ಮದಂತೆ ಮಾಯಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಒಳಗೇ ಬಂಧಿಸುತ್ತದೆ. ಬಳಿದ ಬಣ್ಣ ಆ ಕೆಲಸಕ್ಕೆ ನೆರವಾಗುವುದಿಲ್ಲ. ಕೊಂಬೆಯ ಬುಡದಲ್ಲಿ ಉಬ್ಬಿದ ಉಂಗುರದಂಥ ಭಾಗವನ್ನು ಉಳಿಸಿ, ಅದರ ಹೊರಗೆ ಕೊಯ್ಯುವುದೇ ಮರಕ್ಕೆ ಮಾಡುವ ಉಪಕಾರ.

ಒಣಗಿದ ಕಾಂಡಗಳು

ತೋಟವನ್ನು ಬೇಗ ಚೊಕ್ಕಟ ಮಾಡಬೇಕೆಂಬ ಆಸೆ ಸಹಜ. ರೋಗ ತಗುಲಿದ ಟೊಮೆಟೊ ಕಾಂಡ, ಕೊಳೆತ ಕೋಸಿನ ಬುಡಗಳನ್ನು ಇವತ್ತೇ ತೆಗೆಯಿರಿ, ಅವು ಮುಂದಿನ ಬೆಳೆಗೆ ಸೋಂಕು ದಾಟಿಸುತ್ತವೆ. ಆದರೆ ಹೂಗಿಡಗಳ ಟೊಳ್ಳು ಕಾಂಡಗಳನ್ನು ಅದೇ ರಾಶಿಗೆ ಸೇರಿಸಬೇಡಿ. ಜೇನುಗೂಡು ಕಟ್ಟದೆ ಒಂಟಿಯಾಗಿ ಬದುಕುವ ಕೆಲವು ಕಾಡುದುಂಬಿಗಳ ಮರಿಗಳು ಚಳಿಗಾಲ ಕಳೆಯುವುದು ಅಂಥ ಕಾಂಡಗಳೊಳಗೆ. ಕಾಣಲು ಒಪ್ಪವಾಗಿರಬೇಕಾದರೆ ತುದಿ ಕತ್ತರಿಸಿ, ಬುಡದ 20ರಿಂದ 60 ಸೆಂಟಿಮೀಟರ್ ತುಂಡನ್ನು ನಿಂತಂತೆಯೇ ಉಳಿಸಿ. ಹೊಸ ಚಿಗುರು ಬೆಳೆದು ಕೆಲವೇ ವಾರಗಳಲ್ಲಿ ಅದನ್ನು ಮುಚ್ಚುತ್ತದೆ, ಈ ವಸಂತದಲ್ಲಿ ಹೊರಬಂದ ದುಂಬಿಗಳು ಬೇಸಿಗೆಯಲ್ಲಿ ಗೂಡಿಗೆ ಜಾಗ ಹುಡುಕುವಾಗ ಅದೇ ತುಂಡಿನ ತೆರೆದ ಬಾಯಿ ಅವಕ್ಕೆ ಸಿಗುತ್ತದೆ. ಅಲಂಕಾರದ ಹುಲ್ಲಿನ ಗುಂಪುಗಳದ್ದು ಮಾತ್ರ ಬೇರೆ ಲೆಕ್ಕ. ಒಳಗಿನಿಂದ ಹಸಿರು ಕುಡಿ ಏಳುವ ಮೊದಲೇ ಅವನ್ನು ಬುಡಕ್ಕೆ ಕತ್ತರಿಸಬೇಕು. ತಡವಾದರೆ ಹಳೆಯ ಹುಲ್ಲಿನ ಜೊತೆ ಹೊಸ ಕುಡಿಯ ತುದಿಯೂ ತುಂಡಾಗಿ, ಆ ವರ್ಷವಿಡೀ ಮೊಂಡಾಗಿಯೇ ಕಾಣುತ್ತದೆ.